ಕೂವಂ ಅಳಿವೆಯ ಮರಳು

ನಮ್ಮ ಮಾವ ಕೂವಂ ಹೊಳೆಯನ್ನು ಹೊಗಳಲು ಕೂತಾಗೆಲ್ಲ ಮನೆಯ ಹಿಂದಿನ ಕಿಟಕಿಗಳು ಮುಚ್ಚಿರುತ್ತಿದ್ದವು. ತೆರೆದಿಟ್ಟುಕೊಂಡು ಅದನ್ನು ಹೊಗಳುವುದು ಯಾರಿಂದಲೂ ಆಗದ ಕೆಲಸ. ಚಿಂತಾದ್ರಿಪೇಟೆಯಲ್ಲಿ ನಮ್ಮ ಮನೆ. ಕೆಳಗೆ ನಮ್ಮದೇ ಸಸ್ಯಾಹಾರಿ ಹೋಟೆಲು, ಮೇಲೆ ನಾವು, ಬೆನ್ನಿಗೆ ಹೊಳೆ. ಮುಂದಿನ ಬಾಗಿಲಿನಿಂದ ಸಾಂಬಾರಿನ ವಾಸನೆ ಬರುತ್ತಿತ್ತು, ಹಿಂದಿನ ಗೋಡೆಯಿಂದ ಹೊಳೆಯದು. ಎರಡೂ ಬಂದು ಸೇರುವ ಜಾಗ ನನ್ನ ಅಡುಗೆಮನೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮದುವೆಯಾಗಿ ಮದ್ರಾಸಿಗೆ ಬಂದೆ. ಆಗಷ್ಟೇ ಅದು ಚೆನ್ನೈ ಆಗಿತ್ತು, ಆದರೆ ನಮ್ಮ ಮನೆಯಲ್ಲಿ ಯಾರೂ ಅದನ್ನು ಒಪ್ಪಿಕೊಂಡಿರಲಿಲ್ಲ. ಸಂಬಂಧ ತಂದವರು ನನ್ನ ಅಪ್ಪನ ಹತ್ತಿರ, ಹುಡುಗನ ಮನೆ ಹೊಳೆದಂಡೆಯಲ್ಲೇ ಇದೆ ಎಂದು ಹೇಳಿದ್ದರು. ಉಡುಪಿಯ ಕಡೆ ಕಡಲ ತೀರದ ಊರು ನಮ್ಮದು. ಹೊಳೆ ಎಂದರೆ ನಮಗೆ ಮೀಯುವ, ಬಟ್ಟೆ ಒಗೆಯುವ, ಮರುವಾಯಿ ಚಿಪ್ಪು ಹೆಕ್ಕುವವರನ್ನು ನೋಡುತ್ತ ಕೂರುವ ಜಾಗ. ಅಪ್ಪನಿಗೆ ಖುಷಿಯೋ ಖುಷಿ. ಮದುವೆಯಾದ ಮೇಲೆ ಒಮ್ಮೆ ನನ್ನನ್ನು ನೋಡಲು ಬಂದವರು ಊಟಕ್ಕೆ ಕೂತು, ಮೂಗು ಮುಚ್ಚಿಕೊಳ್ಳುವುದು ಮರ್ಯಾದೆಯಲ್ಲ ಎಂದು ಉಸಿರು ಬಿಗಿಹಿಡಿದೇ ಉಂಡರು. ಹೊರಡುವಾಗ ನನ್ನ ಮುಖ ನೋಡಲಿಲ್ಲ. ಆಮೇಲೆ ಅವರು ಬರಲೂ ಇಲ್ಲ.

ಆ ವಾಸನೆಯನ್ನು ಇಂಥದ್ದು ಎಂದು ಹೇಳಲು ನನಗೆ ಬರುವುದಿಲ್ಲ. ಅದು ಮಾಡುತ್ತಿದ್ದ ಕೆಲಸ ಹೇಳಬಲ್ಲೆ. ದೇವರ ಕೋಣೆಯ ಬೆಳ್ಳಿ ದೀಪಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿಟ್ಟರೆ ಕೆಲವೇ ದಿನಗಳಲ್ಲಿ ಮಸಿ ಬಳಿದ ಹಾಗೆ ಕಪ್ಪಾಗುತ್ತಿದ್ದವು. ನನ್ನ ಕಾಲುಂಗುರವೂ ಕಪ್ಪು. ಬಟ್ಟೆಗಳನ್ನು ಹಿಂದಿನ ಬಿಸಿಲುಮಚ್ಚಿನಲ್ಲಿ ಒಣಗಿಸುವಂತಿಲ್ಲ, ಮುಂದೆ ಹೋಟೆಲಿನ ಗಿರಾಕಿಗಳ ತಲೆಯ ಮೇಲೆ ಸೀರೆ ನೇತುಹಾಕುವಂತಿಲ್ಲ. ಎಲ್ಲವೂ ನಡುಮನೆಯ ಹಗ್ಗದ ಮೇಲೆ, ಫ್ಯಾನಿನ ಕೆಳಗೆ. ಸಂಜೆಯಾದರೆ ಸೊಳ್ಳೆ. ಮದ್ರಾಸಿನ ಸೆಕೆಯಲ್ಲಿ ಎಲ್ಲ ಕಿಟಕಿ ಮುಚ್ಚಿ, ಸಂದಿಗಳಿಗೆ ಹಳೆ ಪಂಚೆ ತುರುಕಿ ಬದುಕುವುದೆಂದರೆ ಹೇಗಿರುತ್ತದೆ ಎಂದು ಬೇರೆಯವರಿಗೆ ಹೇಳಿದರೆ ಅರ್ಥವಾಗುವುದಿಲ್ಲ. ನನಗೆ ಉಸಿರುಕಟ್ಟುತ್ತಿತ್ತು. ಹೆದರಿಕೆಯಾಗುತ್ತಿತ್ತು ಕೂಡ, ಇನ್ನು ಇಷ್ಟೇ ಎಂದು.

ಅತ್ತೆಯನ್ನು ನಾನು ನೋಡಿದವಳಲ್ಲ. ನನ್ನ ಮದುವೆಗೆ ಮುಂಚೆಯೇ ತೀರಿಕೊಂಡಿದ್ದರು. ಆದರೆ ಅವರು ಬಿಟ್ಟುಹೋದ ಏರ್ಪಾಡುಗಳು ಮನೆ ತುಂಬ ಇದ್ದವು. ಕಿಟಕಿಯ ಸಂದಿಗೆ ಪಂಚೆ ತುರುಕುವುದನ್ನು ಶುರುಮಾಡಿದ್ದು ಅವರು. ಅಕ್ಕಿ ಡಬ್ಬದ ಒಳಗೆ ಲಾವಂಚದ ಬೇರು ಇಡುವುದು ಅವರದೇ ಉಪಾಯ. 'ಅಮ್ಮನಿಗೆ ಇಲ್ಲಿಂದ ಹೋಗ್ಬೇಕು ಅಂತ ತುಂಬಾ ಇತ್ತು' ಎಂದು ನನ್ನ ಗಂಡ ಒಮ್ಮೆ ಹೇಳಿದ್ದರು. ಆಮೇಲೆ ಯಾಕೆ ಹೋಗಲಿಲ್ಲ ಎಂದು ಕೇಳಿದರೆ, 'ಹಾಗೇ' ಎಂದರು. ನನ್ನ ಗಂಡನದು ಯಾವಾಗಲೂ ಹಾಗೇ. ಬೆಳಗಿನ ಜಾವ ಕೋಯಂಬೇಡಿನ ಮಾರ್ಕೆಟ್ಟಿಗೆ ಹೋಗಿ ತರಕಾರಿ ತುಂಬಿಸಿಕೊಂಡು ಬಂದರೆ ಆಮೇಲೆ ಗಲ್ಲಾದ ಮೇಲೆ ಕೂತುಬಿಡುವ ಮನುಷ್ಯ. ಕೋಯಂಬೇಡಿನಲ್ಲಿ ಒಂದು ಮೂಟೆ ಕುಂಬಳಕಾಯಿಗೆ ದಲಾಲರ ಜತೆ ಜಗಳ ಕಾಯುವವರು ತಮ್ಮ ಅಪ್ಪನ ಎದುರು ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಮಾವ ಮಾತ್ರ ಮಾತುಗಾರರು. ಹೋಟೆಲಿನ ಯಜಮಾನಿಕೆ ಮಗನಿಗೆ ಬಿಟ್ಟುಕೊಟ್ಟ ಮೇಲೆ ಊರಿಗೆ ಹೊಸಬರು ಯಾರೇ ಬಂದರೂ ಅವರನ್ನು ಮೇಲೆ ಕರೆತಂದು, ನನ್ನಿಂದ ಕಾಫಿ ಮಾಡಿಸಿ, ಹೊಳೆಯ ಚರಿತ್ರೆ ಹೇಳುವುದೇ ಅವರ ಕೆಲಸ.

'ಈ ಹೊಳೆ ಇಲ್ಲದಿದ್ರೆ ಮದ್ರಾಸೇ ಇಲ್ಲ, ಗೊತ್ತುಂಟಾ? ಇಂಗ್ಲಿಷಿನವರು ಬಂದು ಇದೇ ಮರಳಿನ ಮೇಲೆ ಕೋಟೆ ಕಟ್ಟಿದ್ದು ಯಾಕೆ? ಒಂದು ಕಡೆ ಸಮುದ್ರ, ಮತ್ತೊಂದು ಕಡೆ ಹೊಳೆ. ಶತ್ರು ಬರುದು ಎಲ್ಲಿಂದ? ಮತ್ತೆ ನಮ್ಮ ಈ ಪೇಟೆ. ಹೊಳೆ ಇಲ್ಲಿ ಹೀಗೆ ಸುತ್ತಿ ಬಳಸಿ ಹೋಗ್ತದೆ ನೋಡಿ, ಆ ಸುತ್ತಿನ ಒಳಗೆ ಕಂಪನಿಯವರು ನೇಕಾರರನ್ನು ತಂದು ಕೂರಿಸಿದ್ರು. ನೂಲು ತೊಳೀಲಿಕ್ಕೆ ನೀರು ಬೇಕಲ್ಲ? ಬಟ್ಟೆ ಇಲ್ಲಿಂದ ಹಡಗು ಹತ್ತಿ ಸೀಮೆಗೆ ಹೋಯ್ತು. ದೊಡ್ಡ ದೊಡ್ಡ ಸಾಹುಕಾರರು ಇದ್ರಲ್ಲೇ ಮಿಂದು ದೇವಸ್ಥಾನಕ್ಕೆ ಹೋಗ್ತಿದ್ದದ್ದು!'

ಅಷ್ಟು ಹೊತ್ತಿಗೆ ಬಂದವರು ಕಾಫಿ ಲೋಟವನ್ನು ಮೂಗಿನ ಹತ್ತಿರವೇ ಹಿಡಿದುಕೊಂಡಿರುತ್ತಿದ್ದರು. ಮಾವ ಅದನ್ನು ಕಾಫಿಯ ಮೇಲಿನ ಪ್ರೀತಿ ಎಂದು ತಿಳಿದು ಇನ್ನೊಂದು ಲೋಟಕ್ಕೆ ನನ್ನನ್ನು ಕೂಗುತ್ತಿದ್ದರು.

ಮುಂದೆ ಬಂದರುಕಟ್ಟೆಯ ಕತೆ. ಹಾರ್ಬರ್ ಕಟ್ಟುವ ಮೊದಲು ಮರೀನಾ ಬೀಚು ಇಷ್ಟು ಅಗಲ ಇರಲೇ ಇಲ್ಲ, ಅಲೆ ರಸ್ತೆಯ ಹತ್ತಿರದವರೆಗೆ ಬರುತ್ತಿತ್ತು, ಸಮುದ್ರದೊಳಗೆ ಕಲ್ಲಿನ ಗೋಡೆ ಕಟ್ಟಿದ ಮೇಲೆ ತೆಂಕಣದಿಂದ ಬರುವ ಮರಳು ಅದಕ್ಕೆ ತಡೆದು ನಿಂತು, ವರ್ಷ ವರ್ಷ ಸೇರಿ ಸೇರಿ ಬೀಚಾಯಿತು ಎನ್ನುತ್ತಿದ್ದರು. ಅದಾದ ಮೇಲೆ ಬಕಿಂಗ್‌ಹ್ಯಾಂ ಕಾಲುವೆಯ ದೋಣಿಗಳು. ಆಂಧ್ರದಿಂದ ಕಟ್ಟಿಗೆ, ಉಪ್ಪು, ಹುಲ್ಲು ಹೇರಿಕೊಂಡು ಕಾಲುವೆಯಲ್ಲಿ ಬರುತ್ತಿದ್ದವು. ಮಾವನ ಅಪ್ಪ ಊರು ಬಿಟ್ಟು ಇಲ್ಲಿಗೆ ಅಡುಗೆ ಕೆಲಸಕ್ಕೆ ಬಂದು, ಆಮೇಲೆ ಸ್ವಂತ ಹೋಟೆಲು ಇಟ್ಟಾಗ ಒಲೆಗೆ ಉರಿದದ್ದು ಆ ದೋಣಿಯ ಕಟ್ಟಿಗೆಯೇ. 'ನಮ್ಮ ಅನ್ನ ಬೆಂದದ್ದೇ ಈ ನೀರಿನಿಂದ' ಎಂದು ಮಾವ ಮುಗಿಸುತ್ತಿದ್ದರು. ಆಗ ಅವರ ಕಣ್ಣು ಒದ್ದೆಯಾಗುತ್ತಿತ್ತು. ಅದು ನಾಟಕವಲ್ಲ ಎಂದು ಗೊತ್ತಿದ್ದೂ ನನಗೆ ಸಿಟ್ಟು ಬರುತ್ತಿತ್ತು. ಅನ್ನ ಬೇಯಿಸಿದ ನೀರು ಸತ್ತು ಎಷ್ಟೋ ಕಾಲವಾಗಿತ್ತು. ಅದರ ಹೆಣ ಕಾಯುತ್ತಿದ್ದವಳು ನಾನು.

ನಮ್ಮ ಓಣಿಯ ಕೊನೆಯಲ್ಲಿ ಹೊಳೆಗೆ ಇಳಿಯುವ ಕೆಲವು ಕಲ್ಲಿನ ಮೆಟ್ಟಿಲುಗಳಿದ್ದವು. ಹಿಂದೆ ಜನ ಮೀಯುತ್ತಿದ್ದ ಕಾಲದವು. ವರ್ಷಕ್ಕೆ ಕೆಲವು ಸಲ ಅಲ್ಲಿಗೆ ಇಳಿಯುತ್ತಿದ್ದವರು ನಮ್ಮ ಮಾವ ಒಬ್ಬರೇ. ಅವರ ಅಪ್ಪನ ತಿಥಿ, ಅಮ್ಮನ ತಿಥಿ, ನನ್ನ ಅತ್ತೆಯದು, ಮತ್ತೆ ಮಹಾಲಯದ್ದು. ಶ್ರಾದ್ಧ ಮುಗಿದ ಮೇಲೆ ಪಿಂಡವನ್ನು ಹರಿಯುವ ನೀರಿಗೆ ಬಿಡಬೇಕು. ಚೆನ್ನೈಯಲ್ಲಿರುವ ನಮ್ಮವರೆಲ್ಲ ಅದಕ್ಕೆ ಸಮುದ್ರಕ್ಕೆ ಹೋಗುತ್ತಾರೆ, ಇಲ್ಲವೇ ಹಸುವಿಗೆ ಕೊಡುತ್ತಾರೆ. ಮಾವ ಮಾತ್ರ ಬಾಳೆಲೆಯಲ್ಲಿ ಪಿಂಡ ಇಟ್ಟುಕೊಂಡು ಆ ಮೆಟ್ಟಿಲು ಇಳಿದು, ಆ ಕಪ್ಪು ನೀರಿಗೆ ಬಿಟ್ಟು, ಕೈಮುಗಿದು ಬರುತ್ತಿದ್ದರು.

ಅದಕ್ಕೊಂದು ಕಾರಣವಿತ್ತು. ಮಾವನ ಅಪ್ಪ ಹೊಟ್ಟೆಪಾಡಿಗೆ ಊರು ಬಿಟ್ಟವರು ಮತ್ತೆ ಊರಿನಲ್ಲಿ ನೆಲೆಸಲು ಆಗಲೇ ಇಲ್ಲ. ಸಾಯುವ ಮೊದಲು ಮಗನಿಗೆ ಹೇಳಿದ್ದರಂತೆ: ನನ್ನ ಪಿಂಡ ಈ ಹೊಳೆಗೇ ಬಿಡು. ಹೊಳೆ ಸಮುದ್ರಕ್ಕೆ ಹೋಗುತ್ತದೆ, ಸಮುದ್ರ ಕನ್ಯಾಕುಮಾರಿ ಸುತ್ತಿ ನಮ್ಮೂರಿಗೆ ಹೋಗುತ್ತದೆ. ಮಾವ ಅದನ್ನು ಅಕ್ಷರಶಃ ನಂಬಿದ್ದರು. ತಮ್ಮ ಹಿರಿಯರನ್ನೆಲ್ಲ ಒಬ್ಬೊಬ್ಬರಾಗಿ ಈ ದಾರಿಯಲ್ಲಿ ಊರಿಗೆ ಕಳಿಸುತ್ತಿದ್ದೇನೆ ಎಂದೇ ಅವರ ಲೆಕ್ಕ. ಪುರೋಹಿತರೂ ಅದಕ್ಕೆ ಸರಿಯಾಗಿ, ಸಂಕಲ್ಪದಲ್ಲಿ ಯಾವ ದೇಶದಲ್ಲಿ ಕರ್ಮ ನಡೆಯುತ್ತಿದೆ ಎಂದು ಹೇಳುವ ಕಡೆ 'ಪರಶುರಾಮ ಕ್ಷೇತ್ರೇ' ಎನ್ನುತ್ತಿದ್ದರು. ಅದು ನಮ್ಮ ಕರಾವಳಿಗೆ ಹೇಳುವ ಮಾತು. ಇಷ್ಟು ವರ್ಷ ಮದ್ರಾಸಿನಲ್ಲಿ ಕೂತು, ನಾವು ಊರು ಬಿಟ್ಟ ಸುದ್ದಿಯನ್ನು ದೇವರಿಗೆ ತಿಳಿಸದೆ ನಡೆಸಿಕೊಂಡು ಬಂದ ಮನೆ ನಮ್ಮದು.

ಹೀಗಿರುವಾಗ ಪೋರೂರಿನ ಮನೆ ಬಂತು.

ಮಗಳು ಆಗ ಶಾಲೆಗೆ ಹೋಗುತ್ತಿದ್ದಳು. ಗೆಳತಿಯರನ್ನು ಒಂದು ದಿನವೂ ಮನೆಗೆ ಕರೆದವಳಲ್ಲ. ಯಾಕೆ ಎಂದು ಕೇಳಿದರೆ ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲೇ ಉತ್ತರ: 'ನಾತಂ ಅಡಿಕುದು ಮ್ಮಾ.' ನಾರುತ್ತದೆ, ಅಷ್ಟೆ. ಆ ಮಾತು ಕೇಳಿದ ಮೇಲೆ ನಾನು ಗಂಡನ ಬೆನ್ನು ಹತ್ತಿದೆ. ಅವರಿಗೂ ಒಳಗೊಳಗೆ ಆಸೆಯಿತ್ತು, ಪೋರೂರಿನಿಂದ ಕೋಯಂಬೇಡು ಹತ್ತಿರ. ಒಂದು ಭಾನುವಾರ ಮನೆ ನೋಡಲು ಕರೆದುಕೊಂಡು ಹೋದರು. ಮೇಲಿನ ಅಂತಸ್ತು. ಕಿಟಕಿ ತೆರೆದರೆ ದೂರದಲ್ಲಿ ಕೆರೆ. ಗಾಳಿ ಬಂತು. ಬರೀ ಗಾಳಿ, ಅದಕ್ಕೆ ವಾಸನೆಯೇ ಇರಲಿಲ್ಲ. ಮನೆಯ ಒಡತಿ, ಒಬ್ಬ ವಯಸ್ಸಾದ ತಮಿಳು ಹೆಂಗಸು, ಪಕ್ಕದಲ್ಲಿ ನಿಂತಿದ್ದರೂ ನನಗೆ ಅಳು ತಡೆಯಲಾಗಲಿಲ್ಲ. ಆಕೆ ಕುಡಿಯಲು ನೀರು ಕೊಟ್ಟು, ಈಗ ಆಡಿ ತಿಂಗಳು, ಯಾರೂ ಮನೆ ಬದಲಾಯಿಸುವುದಿಲ್ಲ, ಆಡಿ ಮುಗಿಯುವವರೆಗೆ ಬೇರೆ ಯಾರಿಗೂ ಕೊಡದೆ ಇಟ್ಟಿರುತ್ತೇನೆ ಎಂದರು.

ಮಾವನಿಗೆ ಹೇಳಿದೆವು. ಅಂದರೆ ನಾನು ಹೇಳಿದೆ, ನನ್ನ ಗಂಡ ಪಕ್ಕದಲ್ಲಿ ನಿಂತು ಕ್ಯಾಲೆಂಡರ್ ನೋಡಿದರು. ಮಾವ ರೇಗಲಿಲ್ಲ. ರೇಗಿದ್ದರೆ ನಾನೂ ಒಂದು ಕೈ ನೋಡುತ್ತಿದ್ದೆ.

'ನೀವು ಹೋಗಿ. ಮಗಳಿಗೂ ಒಳ್ಳೇದು. ನಾನು ಇಲ್ಲಿಯೇ ಇರ್ತೇನೆ.'

'ನೀವೊಬ್ರೇ ಇಲ್ಲಿ ಹೇಗೆ ಇರುದು ಮಾವ?'

'ನಾನು ಹೋದ್ರೆ ಇವ್ರನ್ನೆಲ್ಲ ಊರಿಗೆ ಕಳಿಸುದು ಯಾರು? ಪೋರೂರಿಂದ ಪಿಂಡ ಹಿಡ್ಕೊಂಡು ಬಸ್ಸಲ್ಲಿ ಬರ್ಲಿಕ್ಕಾಗ್ತದಾ?'

ಒಬ್ಬನೇ ಮಗ ಅಪ್ಪನನ್ನು ಹೋಟೆಲಿನ ಮೇಲೆ ಒಂಟಿಯಾಗಿ ಬಿಟ್ಟು ಹೋದ ಎಂದರೆ ಚೆನ್ನೈಯಲ್ಲಿರುವ ನಮ್ಮವರೆಲ್ಲ ಏನೆನ್ನುತ್ತಾರೆ? ನನ್ನ ಗಂಡ ಅಲ್ಲಿಗೆ ಕೈಚೆಲ್ಲಿದರು. 'ಅಪ್ಪ ಇರುವಷ್ಟು ದಿನ' ಎಂದರು. ಆ ಮಾತಿನಲ್ಲಿ ನಾನು ಯಾರ ಸಾವಿಗೆ ಕಾಯಬೇಕೆಂದು ಇವರು ಹೇಳುತ್ತಿದ್ದಾರೆ ಎಂದು ಅವರಿಗೇ ಹೊಳೆದಿರಲಿಲ್ಲ. ನಾನು ಅಂದು ಅಡುಗೆಮನೆಯ ಬಾಗಿಲು ಹಾಕಿಕೊಂಡು ಕೂತೆ. ಹೊರಗೆ ಹೋಗೋಣವೆಂದರೆ ಎಲ್ಲಿಗೆ ಹೋಗುವುದು? ಮುಂದೆ ಗಿರಾಕಿಗಳು, ಹಿಂದೆ ಹೊಳೆ.

ಆ ವಾರ ಮಗಳನ್ನು ಕರೆದುಕೊಂಡು ಮರೀನಾಕ್ಕೆ ಹೋದೆ. ಮನೆಯಲ್ಲಿರಲು ಮನಸ್ಸಿರಲಿಲ್ಲ. ಜನಜಂಗುಳಿ ಬೇಡವೆಂದು ಬಡಗು ದಿಕ್ಕಿಗೆ, ಕಮಾನಿನ ಸೇತುವೆ ಇರುವ ಕಡೆಗೆ ನಡೆಯುತ್ತ ಹೋದೆವು. ಆ ಸೇತುವೆ ದಾಟಿದ ಮೇಲೆ ಕೂವಂ ಸಮುದ್ರ ಸೇರಬೇಕು. ನಮ್ಮೂರಲ್ಲಿ ಅಂಥ ಜಾಗಕ್ಕೆ ಅಳಿವೆ ಎನ್ನುತ್ತೇವೆ. ನಾನು ಹುಟ್ಟಿ ಬೆಳೆದದ್ದೇ ಒಂದು ಅಳಿವೆಯ ಪಕ್ಕ, ಹೊಳೆ ಕಡಲಿಗೆ ನುಗ್ಗುವ ಸದ್ದು ಕೇಳಿಕೊಂಡು. ಇಲ್ಲಿ ಸದ್ದೇ ಇರಲಿಲ್ಲ. ಸಮುದ್ರ ಒಂದು ಕಡೆ, ಹೊಳೆ ಒಂದು ಕಡೆ, ನಡುವೆ ದೊಡ್ಡ ಮರಳಿನ ದಿಬ್ಬ. ಆ ದಿಬ್ಬದ ಮೇಲೆ ಹುಡುಗರು ಸ್ಟಂಪು ನೆಟ್ಟು ಕ್ರಿಕೆಟ್ ಆಡುತ್ತಿದ್ದರು. ಈಚೆ ಕಡೆ ಕಪ್ಪು ನೀರು ಅಲ್ಲಾಡದೆ ನಿಂತಿತ್ತು.

ಬಂದರಿನ ಗೋಡೆ, ತೆಂಕಣದಿಂದ ಬರುವ ಮರಳು, ಎಲ್ಲವನ್ನೂ ಮಾವ ನೂರಾರು ಸಲ ಹೇಳಿದ್ದರು. ಬೀಚನ್ನು ಬೆಳೆಸಿದ ಮರಳೇ ಹೊಳೆಯ ಬಾಯನ್ನೂ ಮುಚ್ಚಿದೆ ಎಂಬ ಒಂದು ಸಾಲನ್ನು ಮಾತ್ರ ಅವರು ಸೇರಿಸಿರಲಿಲ್ಲ. ಅವರಿಗೆ ಗೊತ್ತಿರಲಿಲ್ಲ. ಮೆಟ್ಟಿಲವರೆಗೆ ಹೋಗಿ ಬರುತ್ತಿದ್ದವರು ಈ ತುದಿಗೆ ಬಂದು ಎಷ್ಟು ಕಾಲವಾಗಿತ್ತೋ. ನನಗೆ ಅಲ್ಲೇ ಕುಣಿಯುವಷ್ಟು ಸಂತೋಷವಾಯಿತು. ಹೊಳೆ ಸಮುದ್ರಕ್ಕೆ ಹೋಗುವುದೇ ಇಲ್ಲ ಎಂದ ಮೇಲೆ ಪಿಂಡ ಊರಿಗೆ ಹೋಗುವ ಮಾತೆಲ್ಲಿ? ಈ ಮನೆಯಲ್ಲಿ ಇರಬೇಕಾದ ಕಾರಣವೆಲ್ಲಿ? ಮಗಳಿಗೆ ಬಟಾಣಿ ಸುಂಡಲ್ ಕೊಡಿಸಿದೆ. ಅವಳು ನನ್ನ ಮುಖ ನೋಡಿ, ಏನಾಯಿತು ಎಂದು ತಮಿಳಿನಲ್ಲಿ ಕೇಳಿದಳು. ಏನಿಲ್ಲ, ಪೋರೂರಿಗೆ ಹೋಗುತ್ತೇವೆ ಎಂದೆ.

ಮಾವನನ್ನು ಹೊರಡಿಸುವುದು ಕಷ್ಟವಾಗಲಿಲ್ಲ. 'ನಿಮ್ಮ ಹೊಳೆ ಸಮುದ್ರ ಸೇರುದನ್ನು ನಂಗೊಮ್ಮೆ ತೋರಿಸಿ ಮಾವ' ಎಂದೆ. ಸೊಸೆ ಕೊನೆಗೂ ಚರಿತ್ರೆಯಲ್ಲಿ ಆಸಕ್ತಿ ತೋರಿಸಿದಳೆಂದು ಅವರು ಇಸ್ತ್ರಿ ಮಾಡಿದ ಪಂಚೆ ಉಟ್ಟು, ಶಾಲು ಹೊದ್ದು ತಯಾರಾದರು. ಬೆಳಿಗ್ಗೆ ಬಿಸಿಲೇರುವ ಮೊದಲು ಆಟೋದಲ್ಲಿ ಹೋದೆವು. ದಾರಿಯುದ್ದಕ್ಕೂ ಮಾತು. ಇಲ್ಲಿ ಒಂದು ದೋಣಿಕಟ್ಟೆ ಕಟ್ಟಿದ್ದರು, ಹೊಳೆ ಚೊಕ್ಕ ಮಾಡಿ ದೋಣಿವಿಹಾರ ಮಾಡಿಸುತ್ತೇವೆ ಎಂದಿದ್ದರು, ಅಲ್ಲಿ ನೋಡು, ಇಲ್ಲಿ ನೋಡು. ನಾನು ಎಲ್ಲದಕ್ಕೂ ಹೂಂ ಹೂಂ ಎಂದೆ.

ಮರಳಿನಲ್ಲಿ ಅವರಿಗೆ ನಡೆಯಲು ಕಷ್ಟವಾಯಿತು. ಕೈ ಚಾಚಿದರು, ಹಿಡಿದುಕೊಂಡೆ. ಮದುವೆಯಾಗಿ ಬಂದ ಮೇಲೆ ನಾನು ಅವರ ಕೈ ಹಿಡಿದದ್ದು ಅದೇ ಮೊದಲು. ತುಂಬ ಹಗುರವಾಗಿತ್ತು. ಒಂದು ಗಳಿಗೆ ವಾಪಸು ಹೋಗಿಬಿಡೋಣ ಅನ್ನಿಸಿತು. ಆದರೆ ಆಡಿ ಮುಗಿಯಲು ಹೆಚ್ಚು ದಿನ ಇರಲಿಲ್ಲ.

ದಿಬ್ಬದ ಮೇಲೆ ನಿಂತು ಮಾವ ಮೊದಲು ಸಮುದ್ರ ನೋಡಿದರು. ತಿರುಗಿ ಹೊಳೆ ನೋಡಿದರು. ಮತ್ತೆ ಸಮುದ್ರ.

'ಅಳಿವೆ ಎಲ್ಲಿ ಮಗಾ?'

'ಇದೇ ಮಾವ. ನಾವು ನಿಂತದ್ದೇ ಅಳಿವೆ.'

'ನೀರು?'

'ಹೋಗುದಿಲ್ಲ.'

ಅಲ್ಲೇ ಬಲೆ ಬಿಡಿಸುತ್ತ ಕೂತಿದ್ದ ಮೀನುಗಾರನನ್ನು ಮಾವ ತಮಿಳಿನಲ್ಲಿ ವಿಚಾರಿಸಿದರು. ಜೋರು ಮಳೆ ಬಂದಾಗ ಒಡೆಯುತ್ತದೆ, ಸರಕಾರದವರು ಮಿಷನ್ನು ತಂದು ತೋಡಿದಾಗಲೂ ತೆರೆಯುತ್ತದೆ, ಸ್ವಲ್ಪ ದಿನಕ್ಕೆ ಮತ್ತೆ ಮುಚ್ಚಿಕೊಳ್ಳುತ್ತದೆ, ನನ್ನ ಅಪ್ಪನ ಕಾಲದಿಂದಲೂ ಹೀಗೇ ಎಂದು ಅವನು ತಲೆಯೆತ್ತದೆ ಹೇಳಿದ. ಮಳೆಯ ಮಾತು ನನ್ನ ಲೆಕ್ಕದಲ್ಲಿ ಇರಲಿಲ್ಲ. ಮಾವ ಅದನ್ನು ಹಿಡಿದುಕೊಂಡುಬಿಟ್ಟರೆ? ಆದರೆ ಅವರು ತಾವೇ ತಲೆಯಾಡಿಸಿದರು. 'ಇಲ್ಲ ಇಲ್ಲ, ಮಳೆ ಬರುವಷ್ಟು ದಿನ ಅನ್ನ ಎಲ್ಲಿ ಕಾಯ್ತದೆ? ಅಷ್ಟೊತ್ತಿಗೆ ಅದು ಕೆಸರಿಗೆ ಸೇರಿ ಆಯ್ತಲ್ಲ' ಎಂದರು. ಮತ್ತೆ ಹೊಳೆಯ ಕಡೆ ತಿರುಗಿದರು. ಇನ್ನು ಇವರು ಅಳುತ್ತಾರೆ, ನಾನು ಸಮಾಧಾನ ಮಾಡಬೇಕು, ಮನೆಗೆ ಹೋಗಿ ಸಾಮಾನು ಕಟ್ಟಬೇಕು ಎಂದು ಮನಸ್ಸಿನೊಳಗೆ ಒಂದೊಂದಾಗಿ ಜೋಡಿಸಿಕೊಳ್ಳುತ್ತಿದ್ದೆ.

'ಹಾಗಾದ್ರೆ ಯಾರೂ ಊರಿಗೆ ಹೋಗ್ಲಿಲ್ಲ' ಎಂದರು ಮಾವ.

'ಇಲ್ಲ ಮಾವ.'

'ಅಪ್ಪ, ಅಮ್ಮ, ನಿನ್ನ ಅತ್ತೆ... ಎಲ್ಲ ಇಲ್ಲೇ ಇದ್ದಾರೆ.'

ನಾನು ಅವರ ಮುಖ ನೋಡಿದೆ. ಅವರು ನಗುತ್ತಿದ್ದರು. ಹಲ್ಲು ಕಟ್ಟಿಸಿಕೊಳ್ಳದ ಬಾಯಲ್ಲಿ, ಬಹಳ ದಿನದ ಮೇಲೆ ಯಾರೋ ಹತ್ತಿರದವರು ಸಿಕ್ಕ ಹಾಗೆ ನಗುತ್ತಿದ್ದರು.

'ಇಷ್ಟು ವರ್ಷ ನಾನು ಎಂತ ಅಂದ್ಕೊಂಡಿದ್ದೆ ಗೊತ್ತುಂಟಾ? ಎಲ್ರನ್ನೂ ಊರಿಗೆ ಕಳಿಸಿ ನಾನೊಬ್ನೇ ಇಲ್ಲಿ ಬಾಕಿ ಅಂತ. ಇವ್ರೆಲ್ಲ ಮನೆ ಹಿಂದೆಯೇ ಇದ್ದಾರಲ್ಲ! ಇನ್ನು ಇವ್ರನ್ನು ಬಿಟ್ಟು ಎಲ್ಲಿಗೆ ಹೋಗುದು ಮಗಾ? ಒಳ್ಳೇದಾಯ್ತು ನೀನು ತೋರಿಸಿದ್ದು.'

ವಾಪಸು ಬರುವಾಗ ಆಟೋ ನಿಲ್ಲಿಸಿ ನನಗೆ ಎಳನೀರು ಕೊಡಿಸಿದರು. ಗಂಜಿಯಿರುವುದೇ ಬೇಕೆಂದು ಹುಡುಕಿಸಿದರು. ನಾನು ಅದನ್ನು ಅರ್ಧಕ್ಕೇ ಬಿಟ್ಟೆ. ಬದುಕಿರುವವರೆಗೂ ಆ ವಾಸನೆಯಿಂದ ತಪ್ಪಿಸಿಕೊಳ್ಳಲು ಒದ್ದಾಡಿದ ಅತ್ತೆ, ಸತ್ತ ಮೇಲೂ ಅದರ ಕೆಸರಿನಲ್ಲೇ ಇದ್ದಾರೆ, ಅದನ್ನು ಕೇಳಿ ಅವರ ಗಂಡ ಸಂತೋಷಪಡುತ್ತಿದ್ದಾರೆ. ನಾನು ನೋಡದ ಆ ಹೆಂಗಸಿನ ಮೇಲೆ ನನಗೆ ಆವತ್ತು ಬಂದಷ್ಟು ಮರುಕ ನನ್ನ ಸ್ವಂತ ತಾಯಿಯ ಮೇಲೂ ಬಂದದ್ದಿಲ್ಲ.

ಆಡಿ ಮುಗಿದ ದಿನ ಪೋರೂರಿನ ಮನೆಯವರಿಗೆ ನಾನೇ ಫೋನು ಮಾಡಿ, ಬರುವುದಿಲ್ಲ ಎಂದೆ. ಆ ಹೆಂಗಸು 'ಪರವಾಯಿಲ್ಲ ಮ್ಮಾ' ಎಂದರು. ಆಮೇಲೆ, 'ಆ ಕಿಟಕಿ ಹತ್ತಿರ ನಿಂತಿದ್ದಿಯಲ್ಲ, ನನಗೆ ನೆನಪಿದೆ' ಎಂಬ ಅರ್ಥದಲ್ಲಿ ಏನೋ ಅಂದರು. ಫೋನು ಇಟ್ಟ ಮೇಲೆ ಹೋಗಿ ಮಧ್ಯಾಹ್ನದ ಅಡುಗೆಗೆ ತೆಂಗಿನಕಾಯಿ ತುರಿದೆ.

ಆಮೇಲಿನ ಮಾವ ಬೇರೆಯೇ ಮನುಷ್ಯ. ಮುಂಚೆ ತಿಥಿಯ ದಿನ ಮಾತ್ರ ಮೆಟ್ಟಿಲು ಇಳಿಯುತ್ತಿದ್ದವರು ಈಗ ಸಂಜೆ ಸಂಜೆ ಹೋಗಿ ಮೇಲಿನ ಮೆಟ್ಟಿಲ ಮೇಲೆ ಕೂತು ಬರುತ್ತಿದ್ದರು. ಅವರ ಅಪ್ಪನ ತಿಥಿಯ ದಿನ ಪುರೋಹಿತರು ರಾಗವಾಗಿ 'ಪರಶುರಾಮ ಕ್ಷೇತ್ರೇ' ಎಂದೊಡನೆ ಕೈ ಅಡ್ಡ ಹಿಡಿದು ನಿಲ್ಲಿಸಿದರು.

'ಅದು ಬೇಡ ಭಟ್ರೇ. ಈ ಊರಿಂದು ಹೇಳಿ.'

'ಈ ಊರಿಂದು ಅಂದ್ರೆ?'

'ನಾವು ಎಲ್ಲಿದ್ದೇವೋ ಅಲ್ಲಿಂದು.'

ಪಾಪ, ಭಟ್ಟರು ಕೂವಂ ಹೊಳೆಗೆ ಸಂಸ್ಕೃತ ಹುಡುಕುತ್ತ ಬೆವತುಹೋದರು. ನಾನು ಬಾಗಿಲ ಹಿಂದೆ ಮಡಿಯಲ್ಲಿ ನಿಂತು ನಕ್ಕೆ. ನಗುತ್ತಿದ್ದಂತೆಯೇ ನನಗೆ ತಿಳಿಯಿತು, ಈಗ ದೇವರಿಗೂ ನಮ್ಮ ವಿಳಾಸ ಗೊತ್ತಾಯಿತು, ಇನ್ನು ಇಲ್ಲಿಂದ ಏಳುವ ಮಾತಿಲ್ಲ.

ಮುಂದೊಂದು ಡಿಸೆಂಬರಿನ ಭಾನುವಾರ ಬೆಳಿಗ್ಗೆ ಸುನಾಮಿ ಬಂತು. ಮರೀನಾದಲ್ಲಿ ಜನ ಕೊಚ್ಚಿಹೋದರು. ಊರೆಲ್ಲ ಅಳುತ್ತಿತ್ತು. ಸಮುದ್ರ ದಿಬ್ಬ ಒಡೆದು ಹೊಳೆಯೊಳಗೂ ನುಗ್ಗಿದೆ ಎಂದು ಯಾರೋ ಹೋಟೆಲಿಗೆ ಬಂದು ಹೇಳಿದ್ದು ಮಾವನ ಕಿವಿಗೆ ಬಿತ್ತು. ಅವರು ಮೈಮೇಲೆ ಬಟ್ಟೆಯ ಪರಿವೆಯೂ ಇಲ್ಲದೆ ಮೆಟ್ಟಿಲಿಗೆ ಓಡಿದರು. ನಾನು ಹಿಂದೆಯೇ ಓಡಿದೆ. ನೀರು ಎಂದಿಗಿಂತ ಒಂದಿಷ್ಟು ಮೇಲೆ ಬಂದಿತ್ತು. 'ಎಳ್ಕೊಂಡು ಹೋಯ್ತಾ? ಎಲ್ರನ್ನೂ ಎಳ್ಕೊಂಡು ಹೋಯ್ತಾ?' ಎಂದು ನನ್ನ ತೋಳು ಹಿಡಿದು ಕೇಳಿದರು. ಹೂಂ ಮಾವ, ಹೋಯಿತು, ಎಲ್ಲರೂ ಹೋದರು, ನಾವೂ ಹೋಗುವಾ ಎಂಬ ಮಾತು ನನ್ನ ಬಾಯಿಯವರೆಗೆ ಬಂದಿತ್ತು. ಒಂದೇ ಒಂದು ಮಾತು. ಆದರೆ ಅವರ ಮುಖ ನೋಡಲು ಆಗುತ್ತಿರಲಿಲ್ಲ. 'ಇಲ್ಲ ಮಾವ, ಇಲ್ಲಿಯೇ ಇದ್ದಾರೆ' ಎಂದೆ. ಅವರನ್ನು ನಡೆಸಿಕೊಂಡು ಮನೆಗೆ ಬಂದೆ.

ಅದಾಗಿ ಎರಡು ಮಳೆಗಾಲ ಕಳೆದ ಮೇಲೆ ಮಾವ ಮಲಗಿದಲ್ಲೇ ಹೋದರು. ನಾನು ಅತ್ತುಬಿಟ್ಟೆ. ನಿಜವಾಗಿಯೂ ಅಳು ಬಂದಿತ್ತು. ಅಳುತ್ತಿರುವಾಗಲೇ, ಇನ್ನು ಪೋರೂರು ಎಂದೂ ಅನ್ನಿಸಿತು. ಎರಡೂ ಒಂದೇ ಹೊತ್ತಿಗೆ ಆಯಿತು, ಯಾವುದನ್ನೂ ಮುಚ್ಚಿಡುವುದಿಲ್ಲ. ವರ್ಷದ ಕರ್ಮ ಮುಗಿಯುವವರೆಗೆ ಮನೆ ಬದಲಿಸುವುದು ಬೇಡ ಎಂದರು ನನ್ನ ಗಂಡ. ಒಪ್ಪಿದೆ. ಪೋರೂರಿನಲ್ಲಿ ಆಗ ಐಟಿ ಆಫೀಸುಗಳು, ಅಪಾರ್ಟ್‌ಮೆಂಟುಗಳು ಏಳುತ್ತಿದ್ದವು. ಹಳೆಯ ಮನೆಯ ಒಡತಿ ಈಗ ಇರಲಿಲ್ಲ. ಬೇರೊಂದು ಮನೆ ನೋಡಿ ಬಂದೆವು. ಅದರಲ್ಲೂ ಗಾಳಿಯಿತ್ತು.

ವರ್ಷಾಂತದ ಶ್ರಾದ್ಧದ ದಿನ ಕರ್ಮವೆಲ್ಲ ಮುಗಿದು, ನನ್ನ ಗಂಡ ಪಿಂಡದ ಬಾಳೆಲೆ ಎತ್ತಿಕೊಂಡರು. ಕೆಳಗೆ ಸಮುದ್ರಕ್ಕೆ ಹೋಗಲೆಂದು ಆಟೋ ಕರೆಸಿ ನಿಲ್ಲಿಸಿದ್ದೆ. ಅವರು ಆಟೋ ಹತ್ತಲಿಲ್ಲ. ಅದರ ಪಕ್ಕದಿಂದ ದಾಟಿ, ಓಣಿಯ ಕೊನೆಗೆ ನಡೆದರು. ನಾನು ಚೊಂಬು ಹಿಡಿದು ಅವರ ಹಿಂದೆ ಹೋದೆ.

'ಸಮುದ್ರಕ್ಕೆ ಅಂತ ಮಾತಾಗಿತ್ತಲ್ಲ?' ಎಂದೆ.

'ಹೂಂ' ಎಂದು ಮೆಟ್ಟಿಲು ಇಳಿದರು. 'ಎಲ್ರೂ ಇಲ್ಲಿ ಇರುವಾಗ ಅಪ್ಪನ್ನ ಒಬ್ಬನ್ನೇ ಬೇರೆ ಕಡೆ ಹೇಗೆ ಬಿಡುದು? ನೀನೇ ಅಲ್ವಾ ಅವ್ರಿಗೆ ತೋರಿಸಿದ್ದು, ನೀನೇ ಅಲ್ವಾ ಇಲ್ಲಿಯೇ ಇದ್ದಾರೆ ಅಂತ ಹೇಳಿದ್ದು.'

ಬಗ್ಗಿ ಎಲೆಯನ್ನು ನೀರಿಗೆ ಬಿಟ್ಟರು. ಅವರ ಅಪ್ಪ ಮಾಡುತ್ತಿದ್ದ ಹಾಗೆಯೇ ಎರಡು ಕೈಯಲ್ಲಿ ಮೆಲ್ಲಗೆ. ಕೈಮುಗಿದು ನಿಂತರು. ಹೊಸ ಮನೆಯ ಮಾತನ್ನು ಅವರು ತೆಗೆಯಲಿಲ್ಲ, ತೆಗೆಯುವುದೂ ಇಲ್ಲ ಎಂದು ಅವರ ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು. ನನಗೆ ಕೂಗಾಡಬೇಕೆನಿಸಿತು. ಅದರ ಬದಲು ಬೇರೆ ಮಾತು ಬಂತು.

'ನನ್ನ ಸರದಿ ಬಂದಾಗ ನನ್ನನ್ನು ಇಲ್ಲಿಗೆ ಬಿಡ್ಬೇಡಿ. ಪೋರೂರಿನ ಕೆರೆಗೆ ಹಾಕಿ.'

ಅವರು ತಿರುಗಿ, ತಿಳಿಯದ ಮಗುವಿಗೆ ಹೇಳುವಂತೆ ಹೇಳಿದರು: 'ಕೆರೆ ನೀರು ಆಗುದಿಲ್ಲ ಮಾರಾಯ್ತಿ. ಹರಿಯುವ ನೀರೇ ಆಗ್ಬೇಕು.'

ನಾನು ಅವರ ಕಾಲಬುಡಕ್ಕೆ ನೋಡಿದೆ. ಅವರೂ ನೋಡಿದರು. ಬಾಳೆಲೆ ಬಿಟ್ಟಲ್ಲಿಯೇ, ಕೊನೆಯ ಮೆಟ್ಟಿಲಿಗೆ ತಾಗಿಕೊಂಡು ನಿಂತಿತ್ತು.